ಜೋಡಿ ಕಟ್ಟಿದ ಹಿಂಡು: ಜಾಕ್‌ಡಾ ಎಂಬ ಪುಟ್ಟ ಕಾಗೆ



ಈ ದತ್ತಿ ಉಪನ್ಯಾಸಕ್ಕೆ ಜೀವಲೋಕಕ್ಕೆ ಸೇರಿದ ಯಾವುದಾದರೂ ವಿಷಯ ಆಗಬಹುದು ಎಂದು ನಿಬಂಧನೆಯಲ್ಲಿದೆ. ಕಾಗೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಒಪ್ಪಿದರು. ಕರ್ನಾಟಕಕ್ಕೆ ಬಾರದ ಕಾಗೆ ಎಂದಾಗ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ತಿಥಿಯ ದಿನ ಪಿಂಡ ಮುಟ್ಟಲು ಬರುವ ಊರುಕಾಗೆ, ತೋಟದಂಚಿನ ಕಾಡುಕಾಗೆ ಎರಡೂ ಮನೆಬಾಗಿಲಲ್ಲೇ ಇರುವಾಗ ಯುರೋಪಿನ ಕಾಗೆಯನ್ನೇಕೆ ಕರೆತರಬೇಕು ಎಂಬುದು ಅವರ ಶಂಕೆ. ನ್ಯಾಯವಾದ ಶಂಕೆಯೇ. ಒಂದು ಹಕ್ಕಿ ಇನ್ನೊಂದು ಹಕ್ಕಿಯನ್ನು 'ಇಂಥದ್ದೇ' ಎಂದು ಗುರುತಿಟ್ಟು ಬದುಕುವುದು ಹೇಗೆ ಎಂಬುದನ್ನು ಈ ಪುಟ್ಟ ಕಾಗೆಯಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಹಕ್ಕಿಗಳು ಕಡಿಮೆ. ಹಾಗಾಗಿ ಕರೆತಂದಿದ್ದೇನೆ. ಅಲ್ಲದೆ ಇದು ಪೂರ್ತಿ ಪರದೇಶಿಯೂ ಅಲ್ಲ. ಕಾಶ್ಮೀರ ಕಣಿವೆಯಲ್ಲಿ ಇದು ಸಾಮಾನ್ಯ ಹಕ್ಕಿ.

ಹೆಸರು ಜಾಕ್‌ಡಾ. 1758ರಲ್ಲಿ ಲಿನೇಯಸ್ ಇದನ್ನು ಕಾಗೆಗಳ ಸಾಲಿನಲ್ಲೇ ಸೇರಿಸಿ ಕಾರ್ವಸ್ ಮೊನೆಡ್ಯುಲ ಎಂದು ಕರೆದ. ಈಗ ಹಲವರು ಇದಕ್ಕೂ ಪೂರ್ವ ಏಷ್ಯಾದ ಇದರ ದಾಯಾದಿ ಡೌರಿಯನ್ ಜಾಕ್‌ಡಾಗೂ ಕೊಲಿಯಸ್ ಎಂಬ ಬೇರೆ ಕುಲವನ್ನೇ ಕೊಡುತ್ತಾರೆ. ನಮ್ಮ ಊರುಕಾಗೆಗಿಂತ ಚಿಕ್ಕದು. ಕೊಕ್ಕಿನಿಂದ ಬಾಲದ ತುದಿಯವರೆಗೆ 34ರಿಂದ 39 ಸೆಂಟಿಮೀಟರ್, ತೂಕ ಕಾಲು ಕಿಲೋ ಆಸುಪಾಸು. ಮೈ ಕಪ್ಪು, ಹಿಂಗತ್ತು ಬೂದು, ಕೊಕ್ಕು ಗಿಡ್ಡ. ಆದರೆ ಒಮ್ಮೆ ನೋಡಿದವರು ಮರೆಯದಿರುವುದು ಕಣ್ಣನ್ನು. ನಮ್ಮ ಕಾಗೆಯ ಕಣ್ಣು ಕಪ್ಪು ಮುಖದ ಕಪ್ಪಿನಲ್ಲೇ ಕರಗಿಹೋಗುತ್ತದೆ. ಜಾಕ್‌ಡಾದ ಕಣ್ಣಿನಲ್ಲಿ ಪಾಪೆಯ ಸುತ್ತ ಬೆಳ್ಳಿಯಂಥ ಬಿಳಿ ಬಳೆ. ಅದು ಯಾವ ಕಡೆ ನೋಡುತ್ತಿದೆ ಎಂಬುದು ದೂರದಿಂದಲೇ ತಿಳಿಯುತ್ತದೆ. ಈ ಕಣ್ಣಿನ ಮಾತಿಗೆ ಮತ್ತೆ ಬರುತ್ತೇನೆ.

ಇದರ ಬಾಳಿನ ಬೀಗದ ಕೈ ಇರುವುದು ಗೂಡಿನಲ್ಲಿ. ಊರುಕಾಗೆ ಮರದ ಕವಲಿನಲ್ಲಿ ಕಡ್ಡಿ ಜೋಡಿಸಿ ಬಯಲಿಗೇ ಗೂಡು ಕಟ್ಟುತ್ತದೆ. ಕೋಗಿಲೆ ಬಂದು ಮೊಟ್ಟೆಯಿಟ್ಟು ಹೋಗುವಷ್ಟು ಬಯಲು. ಜಾಕ್‌ಡಾಗೆ ಪೊಟರೆ ಬೇಕು. ಹಳೆಯ ಮರದ ಟೊಳ್ಳು, ಬಂಡೆಯ ಬಿರುಕು, ಮರಕುಟಿಗ ಕೊರೆದು ಬಿಟ್ಟುಹೋದ ತೂತು, ಇಗರ್ಜಿಯ ಗೋಪುರದ ಸಂದು, ಮನೆಯ ಚಿಮಣಿ. ಗಿಲ್ಬರ್ಟ್ ವೈಟ್ ಎಂಬ ಹಳ್ಳಿ ಪಾದ್ರಿ 1789ರಲ್ಲಿ ಪ್ರಕಟಿಸಿದ ಸೆಲ್‌ಬರ್ನ್ ಊರಿನ ನಿಸರ್ಗಚರಿತ್ರೆಯಲ್ಲಿ ಇದರ ಎರಡು ವಿಚಿತ್ರ ಮನೆಗಳನ್ನು ಹೇಳುತ್ತಾನೆ. ಒಂದು, ಮೊಲಗಳು ತೋಡಿದ ನೆಲದ ಬಿಲ. ಇನ್ನೊಂದು, ಸ್ಟೋನ್‌ಹೆಂಜ್‌ನ ಮಹಾಶಿಲೆಗಳು. ನಿಂತ ಕಲ್ಲಿಗೂ ಅದರ ಮೇಲೆ ಅಡ್ಡವಿಟ್ಟ ಕಲ್ಲಿಗೂ ನಡುವಿನ ಸಂದುಗಳಲ್ಲಿ ಇವು ಸಂಸಾರ ಹೂಡಿದ್ದವಂತೆ. ಸುತ್ತ ಕುರಿ ಕಾಯುತ್ತ ಅಲೆಯುವ ಹುಡುಗರ ಕೈಗೆ ಎಟುಕದಷ್ಟು ಎತ್ತರ ಎಂಬುದನ್ನೂ ವೈಟ್ ಗಮನಿಸಿದ್ದ. ಸಾವಿರಾರು ವರ್ಷ ಹಳೆಯ ಆ ಸ್ಮಾರಕವನ್ನು ಏಕೆ ಕಟ್ಟಿದರು ಎಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ಅದರಿಂದ ಏನು ಪ್ರಯೋಜನ ಎಂಬ ವಿಷಯದಲ್ಲಿ ಜಾಕ್‌ಡಾಗಳಿಗೆ ಗೊಂದಲವಿರಲಿಲ್ಲ.

ಚಿಮಣಿಯಲ್ಲಿ ಗೂಡು ಕಟ್ಟುವ ಕ್ರಮ ನೋಡಿದರೆ ಬುದ್ಧಿವಂತ ಹಕ್ಕಿ ಎಂಬ ಮಾತಿನ ಮೇಲೆಯೇ ಅನುಮಾನ ಬರಬಹುದು. ಮೇಲಿನಿಂದ ಕಡ್ಡಿ ಹಾಕುತ್ತದೆ. ಕಡ್ಡಿ ನೇರ ಒಲೆಗೆ ಬೀಳುತ್ತದೆ. ಇನ್ನೊಂದು ಹಾಕುತ್ತದೆ, ಅದೂ ಬೀಳುತ್ತದೆ. ಯಾವುದೋ ಒಂದು ಅಡ್ಡ ಸಿಕ್ಕಿಕೊಳ್ಳುವವರೆಗೆ ಇದೇ ಕೆಲಸ. ಸಿಕ್ಕಿಕೊಂಡಿತೋ, ಅದರ ಮೇಲೆ ರಾಶಿ ಬೆಳೆಯುತ್ತದೆ. ಕೊನೆಗೆ ಮೇಲೊಂದು ಮೆತ್ತನೆಯ ಹಾಸು. ಅದಕ್ಕೆ ಬೇಕಾದ ಉಣ್ಣೆಯನ್ನು ಕುರಿಯ ಬೆನ್ನ ಮೇಲೆ ಕೂತು ಕುರಿಯಿಂದಲೇ ಕಿತ್ತುಕೊಳ್ಳುತ್ತದೆ. ಕುರಿ ಸುಮ್ಮನಿರುತ್ತದೆ. ಮನೆಯೊಡೆಯ ಸುಮ್ಮನಿರುವಂತಿಲ್ಲ. ಚಿಮಣಿ ಕಟ್ಟಿಕೊಂಡರೆ ಚಳಿಗಾಲದಲ್ಲಿ ಹೊಗೆಯೂ ವಿಷಾನಿಲವೂ ಮನೆಯೊಳಕ್ಕೇ ತಿರುಗುತ್ತವೆ. ಅದಕ್ಕೇ ಬ್ರಿಟನ್ನಿನ ಎಷ್ಟೋ ಮನೆಗಳ ಚಿಮಣಿಗೆ ತಂತಿಬಲೆಯ ಟೋಪಿ.

ಪೊಟರೆಯನ್ನು ಇದು ತಾನೇ ಕೊರೆಯಲಾರದು. ಸಿಕ್ಕಿದ್ದನ್ನು ಹಿಡಿದುಕೊಳ್ಳಬೇಕು, ಹಿಡಿದದ್ದನ್ನು ಕಾಯಬೇಕು. ಹಳೆಯ ಗೋಪುರವೊಂದರಲ್ಲಿ ಹತ್ತು ಸಂದುಗಳಿದ್ದರೆ ಅವುಗಳ ಮೇಲೆ ಕಣ್ಣಿಟ್ಟವರು ಅದಕ್ಕಿಂತ ಹೆಚ್ಚು. ಒಂಟಿ ಹಕ್ಕಿಯಿಂದ ಈ ಕಾವಲು ಆಗದು. ಜೋಡಿ ಬೇಕು, ಜೋಡಿಯಲ್ಲಿ ಒಮ್ಮತ ಬೇಕು. ಪೊಟರೆಗಳು ಒಂದೆಡೆ ಗುಂಪಾಗಿರುವುದರಿಂದ ಜೋಡಿಗಳೂ ಒಂದೆಡೆ ಗುಂಪಾಗುತ್ತವೆ. ಹೀಗಾಗಿ ಪ್ರತಿಸ್ಪರ್ಧಿಯೇ ನೆರೆಯವನು. ಗಿಡುಗ ಬಂದರೆ ಜೊತೆಗೂಡಿ ಕೂಗುವವನೂ ಅವನೇ. ಜಾಕ್‌ಡಾದ ಸಮಾಜ ಇಂಥ ವಠಾರದಲ್ಲಿ ರೂಪುಗೊಂಡದ್ದು. ಇಲ್ಲಿ ಯಾರು ಯಾರೆಂದು ತಿಳಿಯದವನಿಗೆ ಉಳಿಗಾಲವಿಲ್ಲ.

ಜೋಡಿ ಕೂಡುವುದು ಬೇಗ. ಹುಟ್ಟಿದ ಮರುವರ್ಷಕ್ಕೇ ನಿಶ್ಚಿತಾರ್ಥ ಎನ್ನಬಹುದು, ಮೊಟ್ಟೆಯಿಡುವುದು ಸಾಮಾನ್ಯವಾಗಿ ಇನ್ನೂ ಒಂದು ವರ್ಷ ಕಳೆದ ಮೇಲೆ. ನಡುವಿನ ಕಾಲದಲ್ಲಿ ಮಕ್ಕಳಿಲ್ಲ, ಮನೆಯಿಲ್ಲ, ಆದರೂ ಎರಡೂ ಜೊತೆಗೇ ಮೇಯುತ್ತವೆ, ಒಂದರ ಹಿಂಗತ್ತನ್ನು ಇನ್ನೊಂದು ನೇವರಿಸುತ್ತದೆ, ಗಂಡು ಹೆಣ್ಣಿಗೆ ಗುಟುಕು ಕೊಡುತ್ತದೆ. ಮೊಟ್ಟೆಗಳು ನಾಲ್ಕೋ ಐದೋ. 17–18 ದಿನ ಕಾವು ಕೂರುವುದು ಹೆಣ್ಣೊಂದೇ. ಅಷ್ಟು ದಿನವೂ ಅದರ ಊಟ ಗಂಡಿನ ಜವಾಬ್ದಾರಿ. ಮರಿಗಳು ಒಂದೇ ದಿನ ಒಡೆಯುವುದಿಲ್ಲ. ಕೊನೆಗೆ ಹುಟ್ಟಿದ್ದು ಅಣ್ಣಂದಿರಿಗಿಂತ ಪುಟ್ಟದಾಗಿದ್ದು, ಆಹಾರ ಕಡಿಮೆಯಾದ ವರ್ಷ ಮೊದಲು ಸಾಯುತ್ತದೆ. ಇದು ಕ್ರೂರವೆನಿಸಿದರೂ ಐದೂ ಅರೆಹೊಟ್ಟೆಯಲ್ಲಿ ಸಾಯುವುದನ್ನು ತಪ್ಪಿಸುವ ಲೆಕ್ಕ. ಉಳಿದವು ತಿಂಗಳೊಪ್ಪತ್ತಿಗೆ ಗೂಡು ಬಿಡುತ್ತವೆ.

ದಾಂಪತ್ಯ ಬಾಳಿನುದ್ದಕ್ಕೂ. ಹಕ್ಕಿಗಳ ಏಕಪತ್ನೀವ್ರತದ ಬಗ್ಗೆ ಡಿಎನ್‌ಎ ಪರೀಕ್ಷೆ ಬಂದ ಮೇಲೆ ನಾವೆಲ್ಲ ಸ್ವಲ್ಪ ಹುಷಾರಾಗಿ ಮಾತಾಡುತ್ತೇವೆ. ಆದರ್ಶ ದಂಪತಿ ಎನಿಸಿಕೊಂಡಿದ್ದ ಎಷ್ಟೋ ಹಾಡುಹಕ್ಕಿಗಳ ಗೂಡಿನಲ್ಲಿ ಪಕ್ಕದ ಗಂಡಿನ ಮರಿಗಳು ಸಿಕ್ಕಿವೆ. ಬ್ರಿಟನ್ನಿನ ಜಾಕ್‌ಡಾಗಳ ಬಗ್ಗೆ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಒಂದು ಮರಿಯೂ ಸಿಗಲಿಲ್ಲ. ಆಮೇಲೆ ಬೇರೆ ಕಡೆಗಳಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕಿರುವುದು ನಿಜ. ಆದರೂ ಹಕ್ಕಿಲೋಕದ ಸರಾಸರಿ ನೋಡಿದರೆ ಇವುಗಳ ನಿಷ್ಠೆ ಅಸಾಧಾರಣವೇ. ಇದನ್ನು ಶೀಲದ ಕಥೆಯಾಗಿ ಹೇಳಲು ನನಗೆ ಮನಸ್ಸಿಲ್ಲ. ಪೊಟರೆ ಕಾಯಲು ಇಬ್ಬರೂ ಬೇಕು, ಮರಿ ಸಾಕಲು ಇಬ್ಬರೂ ಬೇಕು, ಹೊಸಬರೊಡನೆ ಮತ್ತೆ ಮೊದಲಿಂದ ಹೊಂದಿಕೊಳ್ಳುವುದು ದುಬಾರಿ.

ಈ ಹಕ್ಕಿಯನ್ನು ಲೋಕಕ್ಕೆ ಪರಿಚಯಿಸಿದವನು ಆಸ್ಟ್ರಿಯಾದ ಕಾನ್ರಾಡ್ ಲೊರೆಂಟ್ಸ್. ವಿಯೆನ್ನಾ ಬಳಿ ಡ್ಯಾನ್ಯೂಬ್ ನದಿಯ ದಂಡೆಯ ಆಲ್ಟೆನ್‌ಬರ್ಗ್ ಹಳ್ಳಿಯಲ್ಲಿ ಅವನ ಅಪ್ಪನ ದೊಡ್ಡ ಮನೆ. ವೈದ್ಯ ವಿದ್ಯಾರ್ಥಿಯಾಗಿದ್ದಾಗ ಸಾಕುಪ್ರಾಣಿಗಳ ಅಂಗಡಿಯಿಂದ ಒಂದು ಜಾಕ್‌ಡಾ ಮರಿ ತಂದ. ಹೊಟ್ಟೆ ತುಂಬ ಉಣಿಸಿ ಬಿಟ್ಟುಬಿಡೋಣ ಎಂಬುದಷ್ಟೇ ಅವನ ಆಸೆ. ಮರಿ ಹೋಗಲಿಲ್ಲ. ಕೋಣೆಯಿಂದ ಕೋಣೆಗೆ ಅವನ ಹಿಂದೆಯೇ ಹಾರಿತು. ಅವನು ಸಾಕಿದ ಇನ್ನೊಂದು ಗಂಡು ಜಾಕ್‌ಡಾ ಅವನನ್ನೇ ಸಂಗಾತಿ ಎಂದುಕೊಂಡಿತು. ಹುಳು ಅರೆದು ತಂದು ಅವನ ಬಾಯಿಗಿಡಲು ನೋಡುತ್ತಿತ್ತು. ಅವನು ಬಾಯಿ ಮುಚ್ಚಿಕೊಂಡರೆ ಆ ಬೆಚ್ಚಗಿನ ಮುದ್ದೆಯನ್ನು ಕಿವಿಯೊಳಗೆ ತುರುಕುತ್ತಿತ್ತು. 1927ರಲ್ಲಿ ಅವನು ಜಾಕ್‌ಡಾ ಬಗ್ಗೆ ತನ್ನ ಮೊದಲ ಲೇಖನ ಪ್ರಕಟಿಸಿದ. ಅದೇ ವರ್ಷ ಹದಿನಾಲ್ಕು ಮರಿಗಳನ್ನು ಕೈಯಾರೆ ಸಾಕಿ, ಕಾಲಿಗೆ ಬಣ್ಣಬಣ್ಣದ ಬಳೆ ತೊಡಿಸಿ ಮನೆಯ ಅಟ್ಟದಲ್ಲೊಂದು ವಸಾಹತು ಕಟ್ಟಿದ. ಬಳೆಯ ಬಣ್ಣವೇ ಹಕ್ಕಿಯ ಹೆಸರಾಯಿತು.

ಒಂದು ದಿನ ನದಿಯಲ್ಲಿ ಈಜಿ ಬಂದವನು ಜೇಬಿನಿಂದ ಒದ್ದೆ ಕಪ್ಪು ಚಡ್ಡಿಯನ್ನು ಹೊರತೆಗೆದ. ಕ್ಷಣಾರ್ಧದಲ್ಲಿ ಸಾಕಿದ ಹಕ್ಕಿಗಳೆಲ್ಲ ಕಟಕಟ ಕಿರುಚುತ್ತ ಆ ಕೈಯ ಮೇಲೆ ಬಿದ್ದವು. ಕಪ್ಪಗೆ ಜೋತಾಡುವ ಏನನ್ನೇ ಆಗಲಿ ಯಾರಾದರೂ ಹಿಡಿದಿದ್ದು ಕಂಡರೆ, ತಮ್ಮವನೊಬ್ಬ ಶತ್ರುವಿನ ಹಿಡಿತದಲ್ಲಿದ್ದಾನೆ ಎಂದು ಅವು ತಿಳಿಯುತ್ತವೆ. ಹಾಗೆ ಬೈಸಿಕೊಂಡ ವ್ಯಕ್ತಿಯನ್ನು ಮರೆಯುವುದೂ ಇಲ್ಲ. ಎರಡು ಮೂರು ಸಲ ಹೀಗಾದರೆ ಆತ ಶಾಶ್ವತ ಶತ್ರು, ಕೈ ಖಾಲಿಯಿದ್ದರೂ ಸರಿಯೇ. ಲೊರೆಂಟ್ಸ್‌ಗೆ ಇದೊಂದು ಸಂಕಟ ತಂದಿತು. ಮರಿಗಳಿಗೆ ಬಳೆ ತೊಡಿಸಲು ಗೂಡಿಗೆ ಕೈ ಹಾಕಲೇಬೇಕು, ಕಪ್ಪು ಮರಿಯನ್ನು ಕೈಯಲ್ಲಿ ಹಿಡಿಯಲೇಬೇಕು. ಕೊನೆಗೆ ಹಬ್ಬದ ವೇಷದ ಪೆಟ್ಟಿಗೆಯಿಂದ ಕೊಂಬು ಬಾಲಗಳಿರುವ ಸೈತಾನನ ಉಡುಪು ತೆಗೆದು, ಅದನ್ನು ತೊಟ್ಟು ಮಾಡು ಹತ್ತಿ ಬಳೆ ತೊಡಿಸಿದ. ಹಕ್ಕಿಗಳು ಸೈತಾನನನ್ನು ದ್ವೇಷಿಸಿದವು, ಲೊರೆಂಟ್ಸ್‌ನ ಸ್ನೇಹ ಉಳಿಯಿತು. ಕೆಳಗೆ ರಸ್ತೆಯಲ್ಲಿ ನಿಂತ ಹಳ್ಳಿಗರು ಏನೆಂದುಕೊಂಡರೋ, ಅದು ಬೇರೆ ಮಾತು.

ಇದು ನಕ್ಕು ಬಿಡುವ ಕಥೆಯಲ್ಲ. ಜಾಕ್‌ಡಾ ಮುಖ ಗುರುತಿಟ್ಟುಕೊಳ್ಳುತ್ತದೆ, ಒಂದು ಕಲಿತದ್ದನ್ನು ಇನ್ನೊಂದು ಅದರ ಕೂಗಿನಿಂದ ಕಲಿಯುತ್ತದೆ ಎಂಬ ಎರಡು ಮಾತುಗಳು ಅದರಲ್ಲಿವೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಅಲೆಕ್ಸ್ ಥಾರ್ನ್‌ಟನ್ ತಂಡ ಕಾರ್ನ್‌ವಾಲ್ ಪ್ರಾಂತದಲ್ಲಿ ಕಾಡು ಜಾಕ್‌ಡಾಗಳನ್ನು ವರ್ಷಗಳಿಂದ ಗಮನಿಸುತ್ತಿದೆ. ಅವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮುಖವಾಡ ತೊಟ್ಟ ಅಪರಿಚಿತನೊಬ್ಬ ಗೂಡುಪೆಟ್ಟಿಗೆಯ ಬಳಿ ಬರುತ್ತಾನೆ. ಆಗ ಕೆಲವು ಗೂಡುಗಳ ಬಳಿ ಜಾಕ್‌ಡಾದ ಬೈಗುಳದ ಧ್ವನಿಮುದ್ರಣ ಕೇಳಿಸುತ್ತಾರೆ, ಉಳಿದ ಕಡೆ ಸಾಧಾರಣ ಕೂಗು. ಅದೇ ಮುಖವಾಡ ಮತ್ತೆ ಬಂದಾಗ ಬೈಗುಳ ಕೇಳಿದ್ದ ಹಕ್ಕಿಗಳು ಬೇಗನೆ ಗೂಡಿಗೆ ಧಾವಿಸಿದವು. ಆ ಮನುಷ್ಯ ಅವುಗಳಿಗೆ ಏನೂ ಮಾಡಿರಲಿಲ್ಲ. ಅವನ ಬಗ್ಗೆ ಊರಲ್ಲಿ ಕೆಟ್ಟ ಮಾತು ಹಬ್ಬಿತ್ತು, ಅಷ್ಟೆ.

ಲೊರೆಂಟ್ಸ್ ಕಂಡ ಇನ್ನೊಂದು ಸಂಗತಿ ಮೇಲು-ಕೀಳಿನ ಶ್ರೇಣಿ. ಹಿಂಡಿನಲ್ಲಿ ಯಾರು ಯಾರಿಗೆ ದಾರಿ ಬಿಡಬೇಕೆಂಬುದು ಪ್ರತಿಯೊಂದಕ್ಕೂ ಗೊತ್ತು. ಹೆಣ್ಣು ಜೊತೆಗೂಡಿದ ಗಂಡಿನ ಸ್ಥಾನವೇ ಅದರ ಸ್ಥಾನ. ಅಲೆದಾಟ ಮುಗಿಸಿ ಬಂದ ಬಲಶಾಲಿ ಗಂಡೊಂದು ಹಳೆಯ ಯಜಮಾನನನ್ನು ಸೋಲಿಸಿ, ತೀರ ಕೆಳಗಿನ ಹೆಣ್ಣೊಂದನ್ನು ವರಿಸಿತು. ಎರಡೇ ದಿನಗಳಲ್ಲಿ ಆ ವಾರ್ತೆ ಇಡೀ ಹಿಂಡಿಗೆ ಮುಟ್ಟಿ, ನಿನ್ನೆಯವರೆಗೆ ಅವಳನ್ನು ಕುಟುಕುತ್ತಿದ್ದವು ಈಗ ದಾರಿ ಬಿಟ್ಟವು. ಅವಳಾದರೋ ಹೊಸ ಪದವಿಯನ್ನು ಸೌಜನ್ಯದಿಂದ ನಡೆಸಲಿಲ್ಲ, ಹಳೆಯ ಲೆಕ್ಕಗಳನ್ನೆಲ್ಲ ಚುಕ್ತಾ ಮಾಡಿದಳು. ಲೊರೆಂಟ್ಸ್ 1949ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಇದನ್ನು ಕಾದಂಬರಿಯ ಸೊಗಸಿನಲ್ಲಿ ಬರೆದಿದ್ದಾನೆ. ಇಂಗ್ಲಿಷಿನಲ್ಲಿ ಅದು 'ಕಿಂಗ್ ಸಾಲೊಮನ್ಸ್ ರಿಂಗ್' ಎಂದು ಪ್ರಸಿದ್ಧ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. 1973ರಲ್ಲಿ ಟಿನ್‌ಬರ್ಗನ್, ಫಾನ್ ಫ್ರಿಶ್ ಜೊತೆಗೆ ನೊಬೆಲ್ ಪಡೆದ ಇದೇ ಲೊರೆಂಟ್ಸ್ 1938ರಲ್ಲಿ ನಾಜಿ ಪಕ್ಷ ಸೇರಿದ್ದ. 1940ರಲ್ಲಿ, ಸಾಕಿದ ಪ್ರಾಣಿಗಳಲ್ಲಿ ಸಹಜ ಗುಣಗಳು ಕೆಡುವಂತೆ ನಾಗರಿಕ ಮನುಷ್ಯರಲ್ಲೂ ಕೆಡುತ್ತವೆ ಎಂಬ ವಾದವನ್ನು ಆ ಕಾಲದ ಜನಾಂಗ ಶುದ್ಧಿಯ ಪರಿಭಾಷೆಯಲ್ಲೇ ಬರೆದ. ಆ ಪರಿಭಾಷೆ ಬಳಸಿದ್ದಕ್ಕೆ ಮುಂದೆ ನೊಬೆಲ್‌ಗಾಗಿ ಬರೆದ ಆತ್ಮಕಥನದಲ್ಲಿ ವಿಷಾದಿಸಿದ. ವಿಷಾದ ಸಾಲದೆಂಬುದು ನನ್ನ ಅಭಿಪ್ರಾಯ. ಆಲ್ಟೆನ್‌ಬರ್ಗ್‌ನ ಮಾಡಿನ ಮೇಲೆ ಒಂದೊಂದು ಹಕ್ಕಿಯನ್ನೂ ಬಿಡಿಯಾಗಿ, ಹೆಸರಿಟ್ಟು ಕಂಡ ಕಣ್ಣೇ ಮನುಷ್ಯರನ್ನು ತಳಿಗಳಾಗಿ ಕಂಡಿತು. ಅವನ ಹಕ್ಕಿಗಳ ವಿವರಗಳನ್ನು ನಂಬುತ್ತೇನೆ, ಏಕೆಂದರೆ ಬೇರೆಯವರೂ ಹೋಗಿ ನೋಡಿ ಬಹುಪಾಲು ಸರಿಯೆಂದಿದ್ದಾರೆ. ಹಕ್ಕಿಯಿಂದ ಮನುಷ್ಯನಿಗೆ ಅವನು ಹಾಕಿದ ಸೇತುವೆಯ ಮೇಲೆ ಕಾಲಿಡಲಾರೆ.

ಈಗ ಆ ಬಿಳಿ ಕಣ್ಣು. ಕೇಂಬ್ರಿಜ್‌ನಲ್ಲಿ ಆಗುಸ್ಟೆ ಫಾನ್ ಬಾಯರ್ನ್ ಮತ್ತು ನೇಥನ್ ಎಮರಿ ಕೈಯಲ್ಲಿ ಸಾಕಿದ ಜಾಕ್‌ಡಾಗಳ ಮುಂದೆ ತಿಂಡಿ ಇಟ್ಟು, ಪಕ್ಕದಲ್ಲಿ ಅಪರಿಚಿತನನ್ನು ಕೂರಿಸಿದರು. ಅವನು ತಿಂಡಿಯನ್ನೇ ದಿಟ್ಟಿಸುತ್ತಿದ್ದರೆ ಹಕ್ಕಿ ಹಿಂಜರಿಯುತ್ತಿತ್ತು, ನೋಟ ಬೇರೆಡೆಗಿದ್ದರೆ ಬೇಗ ಬಂದು ಎತ್ತುತ್ತಿತ್ತು. ತಲೆ ತಿರುಗಿಸದೆ ಕಣ್ಣನ್ನಷ್ಟೇ ಬದಲಿಸಿದರೂ ಅವಕ್ಕೆ ತಿಳಿಯುತ್ತಿತ್ತು. ಪರಿಚಿತನಾದರೆ ಲೆಕ್ಕವೇ ಬೇರೆ. ಬಚ್ಚಿಟ್ಟ ತಿಂಡಿಯ ಕಡೆ ಅವನು ಬೆರಳು ತೋರಿಸಿದರೆ ಅದನ್ನು ಸಹಾಯವೆಂದು ತಿಳಿದು ಹುಡುಕುತ್ತಿದ್ದವು. 2009ರಲ್ಲಿ ಇದು ಪ್ರಕಟವಾಯಿತು. ಐದು ವರ್ಷಗಳ ನಂತರ ಗೇಬ್ರಿಯೆಲ್ ಡೇವಿಡ್‌ಸನ್ ಎಂಬ ಸಂಶೋಧಕಿಯ ತಂಡ ಖಾಲಿ ಗೂಡುಪೆಟ್ಟಿಗೆಗಳೊಳಗೆ ಚಿತ್ರಗಳನ್ನಿಟ್ಟಿತು. ಕೆಲವದರಲ್ಲಿ ಬರೀ ಕಪ್ಪು, ಕೆಲವದರಲ್ಲಿ ಜಾಕ್‌ಡಾದ ಬಿಳಿಗಣ್ಣು ಮಾತ್ರ, ಕೆಲವದರಲ್ಲಿ ಬಿಳಿಗಣ್ಣಿನ ಮುಖ, ಇನ್ನು ಕೆಲವದರಲ್ಲಿ ಅದೇ ಮುಖಕ್ಕೆ ಕಪ್ಪು ಕಣ್ಣು. ಬಿಳಿಗಣ್ಣಿನ ಮುಖವಿದ್ದ ಪೆಟ್ಟಿಗೆಗಳ ಬಳಿ ಹಕ್ಕಿಗಳು ಹೆಚ್ಚು ಹೊತ್ತು ನಿಲ್ಲಲಿಲ್ಲ. ಕತ್ತಲ ಪೊಟರೆಯಿಂದ ಹೊಳೆಯುವ ಕಣ್ಣು 'ಮನೆಯಲ್ಲಿ ಜನ ಇದ್ದಾರೆ' ಎಂದು ಹೇಳುತ್ತದೆ, ಜಗಳ ಹತ್ತದೆ ಬಂದವರು ಹಿಂದಿರುಗುತ್ತಾರೆ. ಪೊಟರೆಯ ಕೊರತೆ, ಜೋಡಿಯ ಕಾವಲು, ಕಣ್ಣಿನ ಬಣ್ಣ ಮೂರೂ ಒಂದೇ ಎಳೆಯವು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಎಣಿಕೆಯ ವಿಷಯ ಇಲ್ಲಿಗೆ ಅಷ್ಟಾಗಿ ಸೇರದು, ಆದರೂ ಬಿಡಲಾರೆ. ಜರ್ಮನಿಯ ಒಟ್ಟೊ ಕೋಲರ್ ಒಂದು ಜಾಕ್‌ಡಾಗೆ ಸಾಲು ಡಬ್ಬಿಗಳ ಮುಚ್ಚಳ ತೆಗೆದು ಐದು ತುಣುಕು ತಿಂದ ಮೇಲೆ ನಿಲ್ಲಿಸಬೇಕೆಂದು ಕಲಿಸಿದ್ದ. ಒಮ್ಮೆ ಡಬ್ಬಿಗಳಲ್ಲಿ ಕ್ರಮವಾಗಿ 1, 2, 1, 0, 1 ತುಣುಕುಗಳಿದ್ದವು. ಹಕ್ಕಿ ಮೂರು ಡಬ್ಬಿ ತೆಗೆದು ನಾಲ್ಕು ತುಣುಕು ತಿಂದು ಪಂಜರಕ್ಕೆ ಹೋಯಿತು. ತಪ್ಪಾಯಿತೆಂದು ಕೋಲರ್ ಬರೆದುಕೊಳ್ಳುವಷ್ಟರಲ್ಲಿ ಅದು ಮರಳಿ ಬಂದು, ಖಾಲಿಯಾದ ಮೊದಲ ಡಬ್ಬಿಯ ಮುಂದೆ ಒಂದು ಸಲ ತಲೆ ಬಾಗಿಸಿತು, ಎರಡನೆಯದರ ಮುಂದೆ ಎರಡು ಸಲ, ಮೂರನೆಯದರ ಮುಂದೆ ಒಂದು ಸಲ. ಆಮೇಲೆ ನಾಲ್ಕನೆಯದನ್ನು ತೆಗೆದು, ಏನೂ ಇಲ್ಲವೆಂದು ಕಂಡು, ಐದನೆಯದರಿಂದ ಕೊನೆಯ ತುಣುಕು ಎತ್ತಿಕೊಂಡಿತು. ಒಂದೇ ಸಲ ನಡೆದ ಸಂಗತಿಯಿಂದ ಸಿದ್ಧಾಂತ ಕಟ್ಟಬಾರದು. ನನ್ನಂತೆ ಮೇಷ್ಟ್ರಾಗಿದ್ದವನು ಅದನ್ನು ಮರೆಯುವುದು ಮಾತ್ರ ಕಷ್ಟ.

ಚಳಿಗಾಲದಲ್ಲಿ ವಸಾಹತುಗಳು ಸೇರಿ ಮಹಾಹಿಂಡಾಗುತ್ತವೆ. ಹಗಲು ಹೊಲಗಳಲ್ಲಿ ರೂಕ್ ಎಂಬ ದೊಡ್ಡ ಕಾಗೆಗಳ ಜೊತೆ ಮೇಯುತ್ತವೆ. ಇರುಳು ನೂರಾರು, ಕೆಲವೊಮ್ಮೆ ಸಾವಿರ ದಾಟಿ, ಒಂದೇ ತೋಪಿನಲ್ಲಿ ತಂಗುತ್ತವೆ. ಬೆಳಗಿನ ಜಾವ ಗದ್ದಲ ಏರುತ್ತ ಹೋಗಿ, ಸೆಕೆಂಡುಗಳಲ್ಲಿ ಇಡೀ ತೋಪು ಒಟ್ಟಿಗೇ ಏಳುತ್ತದೆ. ಹೊರಡುವುದನ್ನು ತೀರ್ಮಾನಿಸುವವರು ಯಾರು? ಥಾರ್ನ್‌ಟನ್ ತಂಡ 2022ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಗದ್ದಲ ಬೇಗ ಏರಿದ ದಿನ ಬೇಗ ಹೊರಡುತ್ತವೆ. ಜಾಕ್‌ಡಾಗಳ ಕೂಗನ್ನು ಧ್ವನಿವರ್ಧಕದಲ್ಲಿ ಕೇಳಿಸಿದ ದಿನ ಸರಾಸರಿ ಆರೂವರೆ ನಿಮಿಷ ಮೊದಲೇ ಹೊರಟವು. ಒಂದೊಂದು ಕೂಗೂ ಒಂದು ಮತವಿದ್ದಂತೆ ಎಂದು ಪತ್ರಿಕೆಗಳು ಇದನ್ನು ಪ್ರಜಾಪ್ರಭುತ್ವವೆಂದು ಕೊಂಡಾಡಿದವು. ಬೆಳಿಗ್ಗೆ ಬೇಗ ಹೊರಡಲು ಗದ್ದಲ ಮಾಡಿದರೆ ಸಾಕು ಎಂಬುದು ಪ್ರಜಾಪ್ರಭುತ್ವವೋ ಅಲ್ಲವೋ, ಸಭಿಕರು ತೀರ್ಮಾನಿಸಲಿ.

ಆ ಮಹಾಹಿಂಡಿನಲ್ಲೂ ಜೋಡಿ ಕರಗುವುದಿಲ್ಲ. ಹಾರುವ ಹಿಂಡನ್ನು ಹಲವು ಕ್ಯಾಮೆರಾಗಳಲ್ಲಿ ಸೆರೆಹಿಡಿದು ಪ್ರತಿ ಹಕ್ಕಿಯ ಜಾಡು ಬಿಡಿಸಿದಾಗ ಎರಡೆರಡು ಪಕ್ಕಪಕ್ಕ ಹಾರುವುದು ಕಂಡಿತು. ಜೊತೆಗಾರನಿದ್ದ ಹಕ್ಕಿ ರೆಕ್ಕೆಯನ್ನು ನಿಧಾನ ಬಡಿಯುತ್ತದೆ, ಅದಕ್ಕೆ ದಣಿವು ಕಡಿಮೆ. ಆದರೆ ಜೋಡಿಯಲ್ಲಿರುವವು ಉಳಿದ ನೆರೆಯವರ ಕಡೆ ಕಡಿಮೆ ಗಮನ ಕೊಡುವುದರಿಂದ, ಜೋಡಿಗಳು ಹೆಚ್ಚಿದಷ್ಟೂ ಹಿಂಡಿನ ಒಟ್ಟು ಚುರುಕು ತಗ್ಗುತ್ತದೆ. ಸಂಸಾರಕ್ಕೆ ಲಾಭ, ಸಂಘಕ್ಕೆ ಸ್ವಲ್ಪ ನಷ್ಟ.

2023ರ ಇನ್ನೊಂದು ಪ್ರಯೋಗ ಇದಕ್ಕಿಂತ ಚೆನ್ನಾಗಿದೆ. ಕಾರ್ನ್‌ವಾಲ್‌ನಲ್ಲಿ ಕಾಲಿನ ಬಳೆಯೊಳಗೆ ಸಣ್ಣ ಎಲೆಕ್ಟ್ರಾನಿಕ್ ಬಿಲ್ಲೆ ಇದ್ದ ಹಕ್ಕಿಗಳನ್ನು ಎ, ಬಿ ಎಂದು ಎರಡು ಪಂಗಡ ಮಾಡಿದರು. ತಿಂಡಿಯ ಯಂತ್ರಕ್ಕೆ ಒಂದೇ ಪಂಗಡದ ಎರಡು ಹಕ್ಕಿಗಳು ಒಟ್ಟಿಗೆ ಬಂದರೆ ಅವಕ್ಕೆ ಪ್ರಿಯವಾದ ಹುಳು. ಒಂಟಿಯಾಗಿಯೋ ಬೇರೆ ಪಂಗಡದವರ ಜೊತೆಗೋ ಬಂದರೆ ಬರೀ ಕಾಳು. ಹಕ್ಕಿಗಳು ಬೇಗನೆ ಕಲಿತವು. ಲಾಭವಿಲ್ಲದ ಸ್ನೇಹಿತರನ್ನು ಬಿಟ್ಟು, ಲಾಭವಿರುವವರ ಜೊತೆ ಓಡಾಡತೊಡಗಿದವು. ಆದರೆ ಬೇರೆ ಪಂಗಡಕ್ಕೆ ಬಿದ್ದ ಸಂಗಾತಿಯನ್ನಾಗಲಿ, ಮಕ್ಕಳನ್ನಾಗಲಿ, ಒಡಹುಟ್ಟಿದವರನ್ನಾಗಲಿ ಬಿಡಲಿಲ್ಲ. ಅವರ ಜೊತೆಗೇ ಬಂದು ಕಾಳು ತಿಂದವು. ಲೊರೆಂಟ್ಸ್ ಕಥೆಯಾಗಿ ಹೇಳಿದ್ದನ್ನು ಇದು ಎಣಿಸಿ ತೋರಿಸಿತು. ಯಾರ ಜೊತೆ ಬದಲಾಗಬಹುದು, ಯಾರ ಜೊತೆ ಬದಲಾಗಬಾರದು ಎಂಬ ಎರಡು ಬೇರೆ ಖಾತೆಗಳು ಆ ಕಾಲು ಕಿಲೋ ಹಕ್ಕಿಯ ತಲೆಯಲ್ಲಿವೆ.

ಜಾಕ್‌ಡಾ ಹೊಳೆಯುವ ವಸ್ತು ಕದಿಯುತ್ತದೆಂಬ ಖ್ಯಾತಿಯ ಬಗ್ಗೆ ಯಾರಾದರೂ ಕೇಳುತ್ತೀರಿ ಎಂದು ಗೊತ್ತು. ರೋಮಿನ ಓವಿಡ್ ಕವಿಯ ಕಾಲದಿಂದ ಅದು ಬಂದಿದೆ. ಚಿನ್ನದಾಸೆಗೆ ನಾಡನ್ನೇ ಮಾರಿದ ಹೆಣ್ಣೊಬ್ಬಳು ಜಾಕ್‌ಡಾ ಆದಳೆಂದು ಅವನ ಕಾವ್ಯದಲ್ಲಿದೆ. ಮರಿ ಹಕ್ಕಿಗಳಿಗೆ ಹೊಸ ವಸ್ತುವಿನ ಕುತೂಹಲ ಹೆಚ್ಚು, ಅಷ್ಟನ್ನು ಒಪ್ಪುತ್ತೇನೆ. ಚಿನ್ನಕ್ಕಿಂತ ಹಾಲಿನ ಕಳ್ಳತನಕ್ಕೆ ಪುರಾವೆ ಗಟ್ಟಿಯಾಗಿದೆ. ಬ್ರಿಟನ್ನಿನಲ್ಲಿ ಬಾಗಿಲ ಬಳಿಯ ಹಾಲಿನ ಬಾಟಲಿಯ ಮುಚ್ಚಳವನ್ನು ಇವು ಕುಕ್ಕಿ ಹರಿದು, ಆ ಹಾಲು ಕುಡಿದವರಿಗೆ ಹೊಟ್ಟೆ ಕೆಟ್ಟ ಪ್ರಕರಣಗಳು 1990ರ ಸುಮಾರಿಗೆ ವೈದ್ಯಕೀಯ ಪತ್ರಿಕೆಯಲ್ಲೇ ವರದಿಯಾದವು. ಪ್ರಾಗ್ ನಗರದಲ್ಲಿ ಮಾತ್ರ ಈ ಹಕ್ಕಿಗೆ ಮರ್ಯಾದೆಯ ಸ್ಥಾನ ಸಿಕ್ಕಿತ್ತು. ಕಾದಂಬರಿಕಾರ ಕಾಫ್ಕನ ತಂದೆ ತನ್ನ ಅಂಗಡಿಯ ಲಾಂಛನವಾಗಿ ಜಾಕ್‌ಡಾವನ್ನೇ ಇಟ್ಟುಕೊಂಡಿದ್ದ.

ಶ್ರೀನಗರಕ್ಕೆ ಪ್ರವಾಸ ಹೋಗುವವರು ನಮ್ಮಲ್ಲಿ ಈಗ ಬಹಳ. ದೋಣಿಮನೆಯ ಫೋಟೊ ತೆಗೆದಾದ ಮೇಲೆ ಚಿನಾರ್ ಮರಗಳನ್ನೂ ಹಳೆಯ ಕಟ್ಟಡಗಳ ಸಂದುಗೊಂದುಗಳನ್ನೂ ನೋಡಿ. 'ಚ್ಯಾಕ್' ಎಂಬ ಗಿಡ್ಡ ಕೂಗು ಕೇಳಿಸುತ್ತದೆ. ದೊಡ್ಡ ಕಾಗೆಗಳೂ ಅಲ್ಲಿರುವುದರಿಂದ ಬೂದು ಹಿಂಗತ್ತು, ಬಿಳಿಗಣ್ಣು ಎರಡನ್ನೂ ಖಚಿತ ಮಾಡಿಕೊಳ್ಳಿ. ಹಿಂಡು ಕಂಡರೆ ತಲೆ ಎಣಿಸಲು ಹೋಗದೆ, ಯಾವ ಎರಡು ಪ್ರತಿ ಸಲವೂ ಅಕ್ಕಪಕ್ಕ ಇಳಿಯುತ್ತವೆ ಎಂದು ನೋಡಿ. ವಸಂತದಲ್ಲಿ ಗೂಡಿನ ಹತ್ತಿರ ಹೋಗುವುದಾದರೆ ಬಿಚ್ಚಿದ ಕಪ್ಪು ಜಾಕೀಟನ್ನು ಕೈಯಲ್ಲಿ ಜೋತಾಡಿಸಿಕೊಂಡು ಹೋಗಬೇಡಿ, ಹೆಗಲಿಗೆ ಹಾಕಿಕೊಳ್ಳಿ.